ಕೊಟೇಶನ್ ಕಳಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಲೋಗೋ ಮಾಡುವವರಿದ್ದೀರಿ, ಪುಸ್ತಕದ ಪುಟ ಕಟ್ಟುವವರಿದ್ದೀರಿ, ಫ್ಲೆಕ್ಸು, ಪ್ಯಾಕೇಜಿಂಗು, ಮದುವೆ ಕಾರ್ಡು, ಇನ್‌ಸ್ಟಾಗ್ರಾಮ್ ಪೋಸ್ಟು ಎಲ್ಲವನ್ನೂ ಒಬ್ಬರೇ ನಿಭಾಯಿಸುವವರೂ ಇದ್ದೀರಿ. ಡಿಸೈನ್ ಹೇಗೆ ಮಾಡಬೇಕು ಅನ್ನುವ ಮಾತು ಇವತ್ತು ಬೇಡ. ಕೆಲಸ ಕೇಳಿಕೊಂಡು ಬಂದವರಲ್ಲಿ ಯಾರ ಕೆಲಸ ಹಿಡಿಯಬೇಕು, ಯಾರದನ್ನು ಬಿಡಬೇಕು, ಅದು ಕೊಟೇಶನ್ ಕಳಿಸುವ ಮುಂಚೆಯೇ ಗೊತ್ತಾಗುವುದು ಹೇಗೆ, ಇಷ್ಟೇ ಇವತ್ತಿನ ವಿಷಯ.

ಫ್ರೀಲಾನ್ಸ್ ಡಿಸೈನರುಗಳ ದುಡ್ಡು ಮುಳುಗಿಸುವವರು ಮೋಸಗಾರರು ಅನ್ನುವ ನಂಬಿಕೆ ನಮ್ಮಲ್ಲಿದೆ. ಮೋಸಗಾರರು ಇದ್ದೇ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರೋಣ. ಆದರೆ ನಮ್ಮ ದಿನ, ನಿದ್ದೆ, ನೆಮ್ಮದಿ ಹೆಚ್ಚು ತಿನ್ನುವವರು ಒಳ್ಳೆಯ ಜನವೇ. ಮಾತು ಮೃದು, ಹೋದಾಗ ಕಾಫಿ ಕುಡಿಸುತ್ತಾರೆ, ಯಾಮಾರಿಸಬೇಕು ಅನ್ನುವ ಉದ್ದೇಶ ಎಳ್ಳಷ್ಟೂ ಇಲ್ಲ. ಆದರೆ ಅವರ ಕಡೆ ತಯಾರಿ ಆಗಿರುವುದಿಲ್ಲ. ಅಂಗಡಿಯ ಹೆಸರೇ ಗಟ್ಟಿಯಾಗಿಲ್ಲ, ಇಬ್ಬರು ಪಾಲುದಾರರಲ್ಲಿ ಒಬ್ಬರಿಗೆ ವಿಷಯವೇ ಗೊತ್ತಿಲ್ಲ, ನಮಗೆ ಕೊಡಬೇಕಾದ ಹಣ ಬ್ಯಾಂಕ್ ಸಾಲ ಮಂಜೂರಾದ ಮೇಲೆ ಬರಬೇಕು. ಇಂಥವರ ಮುಖ ನೋಡಿ, ಮಾತು ಕೇಳಿ ನಿರ್ಧಾರ ಮಾಡಿದರೆ ಪ್ರತಿ ಸಲವೂ ಹೂಂ ಅಂದುಬಿಡುತ್ತೇವೆ. ಹಾಗಾಗಿ ಅವರ ತಯಾರಿ ಎಲ್ಲಿಗೆ ಬಂದಿದೆ ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಅದಕ್ಕೂ ಮೊದಲು ನಿಮ್ಮ ಕೈಯಲ್ಲಿ ಒಂದು ಸಂಖ್ಯೆ ಇರಬೇಕು: ಒಂದು ದಿನದ ಕೆಲಸಕ್ಕೆ ಕನಿಷ್ಠ ಎಷ್ಟು ಬೇಕು ಅನ್ನುವುದು. ತಿಂಗಳಿಗೆ ಮನೆಗೆ 60,000 ಬೇಕು ಅಂದುಕೊಳ್ಳಿ. ಸಾಫ್ಟ್‌ವೇರ್ ಬಾಡಿಗೆ, ಇಂಟರ್ನೆಟ್ಟು, ಕರೆಂಟು, ಮುಂದಿನ ಲ್ಯಾಪ್‌ಟಾಪಿಗೆ ಎತ್ತಿಡುವ ಹಣ ಸೇರಿ 12,000. ಒಟ್ಟು 72,000. ತಿಂಗಳಲ್ಲಿ 22 ದಿನ ಕೂತರೂ ದುಡ್ಡು ಹುಟ್ಟುವ ದಿನ 12 ದಾಟುವುದು ಕಷ್ಟ; ಉಳಿದದ್ದು ಫೋನು, ಓಡಾಟ, ಬಿಲ್ಲು, ಕಾಯುವುದರಲ್ಲಿ ಹೋಗುತ್ತದೆ. 72,000ವನ್ನು 12ರಿಂದ ಭಾಗಿಸಿದರೆ ದಿನಕ್ಕೆ 6,000. ನಾಲ್ಕು ದಿನದ ಕೆಲಸವಾದರೆ 24,000 ನಿಮ್ಮ ತಳ. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ಈ ತಳ ಗೊತ್ತಿಲ್ಲದೆ ಕೂತರೆ ಎದುರಿನವರ ಬಜೆಟ್ಟು ಜಾಸ್ತಿಯೋ ಕಮ್ಮಿಯೋ ಅಂತ ಅಳೆಯಲು ನಿಮ್ಮ ಬಳಿ ಕೋಲೇ ಇರುವುದಿಲ್ಲ.

ಮೊದಲ ಮೆಸೇಜು

ನಮ್ಮಲ್ಲಿ ಕೆಲಸ ಬರುವುದು ವಾಟ್ಸ್‌ಆ್ಯಪಿನಲ್ಲಿ, ಒಂದೇ ಸಾಲಿನಲ್ಲಿ: "ನಮಸ್ತೆ, ಬೇಕರಿಗೆ ಲೋಗೋ ಬೇಕಿತ್ತು, ರೇಟ್ ಎಷ್ಟು?" ಇದಕ್ಕೆ ತಕ್ಷಣ ಒಂದು ಅಂಕಿ ಬರೆದು ಕಳಿಸುವುದು ಮೊದಲ ತಪ್ಪು. ಅಂಕಿ ಒಮ್ಮೆ ಬಾಯಿಂದ ಬಿದ್ದರೆ, ಮುಂದೆ ಕೆಲಸ ಎಷ್ಟೇ ಬೆಳೆದರೂ ಅವರಿಗೆ ನೆನಪಿರುವುದು ಅದೊಂದೇ. ಉತ್ತರ ಹೀಗಿರಲಿ:

"ನಮಸ್ಕಾರ ಮೇಡಂ. ರೇಟ್ ಹೇಳೋಕೆ ಮುಂಚೆ ಐದು ವಿಷಯ ಬೇಕು. ಬೇಕರಿ ಈಗಾಗಲೇ ನಡೀತಿದೆಯಾ, ಹೊಸದಾ? ಹೆಸರು ಫೈನಲ್ ಆಗಿದೆಯಾ? ಲೋಗೋ ಎಲ್ಲೆಲ್ಲಿ ಬರಬೇಕು, ಬೋರ್ಡು, ಕೇಕ್ ಬಾಕ್ಸು, ಕವರು? ಯಾವ ತಾರೀಖಿಗೆ ಬೇಕು? ಕೊನೆಗೆ ನೋಡಿ ಓಕೆ ಮಾಡೋವ್ರು ಯಾರು? ಇಷ್ಟು ತಿಳಿಸಿದ್ರೆ ಹದಿನೈದು ನಿಮಿಷ ಫೋನಲ್ಲಿ ಮಾತಾಡಿ, ನಾಳೆ ಸಂಜೆಯೊಳಗೆ ರೇಟ್ ಹೇಳ್ತೀನಿ."

ಇಲ್ಲಿ ಒಂದು ಎಚ್ಚರ. ಇಪ್ಪತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ಕಳಿಸಿ, ತುಂಬಿದವರಷ್ಟೇ ನಿಜವಾದ ಗ್ರಾಹಕರು ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸ್ಟಾರ್ಟಪ್‌ನವರಿಗೆ ಅದು ಸರಿ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಬೇಕರಿ ನಡೆಸುವವರು ಫಾರ್ಮ್ ತುಂಬುವುದಿಲ್ಲ, ಎರಡು ನಿಮಿಷದ ವಾಯ್ಸ್ ನೋಟ್ ಕಳಿಸುತ್ತಾರೆ, ಹೇಳಿದ ದಿನ ದುಡ್ಡನ್ನೂ ಕಳಿಸುತ್ತಾರೆ. ಉತ್ತರ ಬಂದ ರೂಪ ನೋಡಬೇಡಿ, ಅದರಲ್ಲಿ ವಿಷಯ ಇದೆಯಾ ನೋಡಿ. "ಅದೆಲ್ಲ ಆಮೇಲೆ, ಮೊದಲು ರೇಟ್ ಹೇಳಿ" ಅಂದವರಿಗೆ ಒಂದು ಅಂದಾಜು ಕೊಡಿ: "ಇಂಥ ಕೆಲಸ 25ರಿಂದ 40 ಸಾವಿರದೊಳಗೆ ಆಗುತ್ತೆ." ಅಲ್ಲಿಗೆ ಮಾತು ನಿಂತರೆ ನಿಲ್ಲಲಿ, ಬೆನ್ನು ಹತ್ತಬೇಡಿ.

ಹದಿನೈದು ನಿಮಿಷದ ಫೋನು

ಫೋನಿನಲ್ಲಿ ಕೇಳಬೇಕಾದ್ದು ಬಹಳಿಲ್ಲ, ಆದರೆ ಒಂದನ್ನೂ ಬಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ನಿರ್ಧಾರ ಮಾಡುವವರು ಯಾರು ಅನ್ನುವುದು. "ನಾನೇ" ಅಂದರೆ ಇನ್ನೊಂದು ಪ್ರಶ್ನೆ ಹಾಕಿ: "ಮನೇಲಿ, ಪಾರ್ಟ್‌ನರ್ ಹತ್ರ ತೋರಿಸೋದು ಇರುತ್ತಾ ಸರ್?" ಇದ್ದರೆ ತಪ್ಪೇನಿಲ್ಲ. ಆದರೆ ಆ ಪಾಲುದಾರರು ಮೂರನೇ ಸುತ್ತಿನ ತಿದ್ದುಪಡಿಯಲ್ಲಿ ಬಂದು "ನಂಗೆ ಈ ಬಣ್ಣಾನೇ ಇಷ್ಟ ಇಲ್ಲ" ಅಂದರೆ ಕೆಲಸ ಮತ್ತೆ ಸೊನ್ನೆಯಿಂದ. ಮೊದಲ ಸ್ಕೆಚ್ ತೋರಿಸುವ ದಿನವೇ ಅವರೂ ಕೂರಬೇಕು ಅಂತ ಹೇಳಿ. ಅದಕ್ಕೆ ಒಪ್ಪದಿದ್ದರೆ ಆ ಕೆಲಸ ಇನ್ನೂ ಹಣ್ಣಾಗಿಲ್ಲ.

ಇದರ ಅತಿ ಕಷ್ಟದ ರೂಪ ಸ್ಮರಣಸಂಚಿಕೆ. ಸಂಘದ ಬೆಳ್ಳಿಹಬ್ಬ, ಕಾಲೇಜಿನ ಸುವರ್ಣ ಮಹೋತ್ಸವ, ಹೊರದೇಶದ ಕನ್ನಡ ಕೂಟದ ವಾರ್ಷಿಕೋತ್ಸವ, ಎಲ್ಲಿಯದಾದರೂ ಒಂದೇ ಕಥೆ. ಫೋನ್ ಮಾಡುವವರು ಕಾರ್ಯದರ್ಶಿ, ತಿದ್ದುವವರು ಸಂಪಾದಕ ಮಂಡಳಿ, ದುಡ್ಡು ಕೊಡುವವರು ಖಜಾಂಚಿ, ಕೊನೆಯ ರಾತ್ರಿ ಬದಲಾಯಿಸುವವರು ಅಧ್ಯಕ್ಷರು. 64 ಪುಟ ಅಂತ ಲೆಕ್ಕ ಹಾಕಿ ಕೂತಿರುತ್ತೀರಿ, ಕೊನೆ ವಾರದಲ್ಲಿ ಎರಡು ಪೂರ್ಣಪುಟ ಜಾಹೀರಾತು ಬರುತ್ತವೆ. ಮಧ್ಯೆ ಪಿನ್ ಹೊಡೆಯುವ ಪುಸ್ತಕ 66 ಪುಟ ಆಗುವುದಿಲ್ಲ. ಪುಟಗಳು ನಾಲ್ಕರ ಲೆಕ್ಕದಲ್ಲಿ ಹೋಗಬೇಕು, ಅಂದರೆ 68. ಉಳಿದ ಎರಡು ಪುಟಕ್ಕೆ ಏನು ಹಾಕುವುದು, ಪರಿವಿಡಿ ಯಾರು ತಿದ್ದುವುದು? ಅದಕ್ಕಿಂತ ಸೂಕ್ಷ್ಮವಾದದ್ದು ಗಣ್ಯರ ಫೋಟೋ. ಸ್ವಾಮೀಜಿಯವರ ಫೋಟೋ ಮೊದಲೋ ಮಂತ್ರಿಗಳದ್ದೋ, ದೊಡ್ಡ ದಾನಿಗಳು ಯಾವ ಸಾಲಿನಲ್ಲಿ, ಯಾರ ಫೋಟೋ ಅರ್ಧ ಇಂಚು ದೊಡ್ಡದು? ಇದನ್ನು ಡಿಸೈನರು ತೀರ್ಮಾನಿಸುವಂತಿಲ್ಲ, ಆದರೆ ತಪ್ಪಾದರೆ ಬೈಗುಳ ಡಿಸೈನರಿಗೇ. ಆದ್ದರಿಂದ ಸಂಚಿಕೆಯ ಕೆಲಸ ಬಂದಾಗ ಮೂರು ಸಂಗತಿ ಬರಹದಲ್ಲಿ ಕೇಳಿ: ತಿದ್ದುಪಡಿ ಕಳಿಸುವ ಒಬ್ಬರ ಹೆಸರು, ಜಾಹೀರಾತಿಗೆ ಕೊನೆಯ ತಾರೀಖು, ಫೋಟೋಗಳ ಅನುಕ್ರಮದ ಪಟ್ಟಿ ಕೊಡುವವರು ಯಾರು. ಮೂರಕ್ಕೂ ಉತ್ತರ ಕೊಡುವ ಸಮಿತಿಯ ಜೊತೆ ಕೆಲಸ ಮಾಡುವುದು ನಿಜಕ್ಕೂ ಸಂತೋಷ. ಒಂದಕ್ಕೂ ಉತ್ತರ ಇಲ್ಲದ ಸಮಿತಿಗೆ "ಮುಂದಿನ ಸಭೆ ಆದಮೇಲೆ ಹೇಳಿ" ಅನ್ನಿ.

ಎರಡನೆಯದು ಪಠ್ಯ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇಂಗ್ಲಿಷಿನವರಿಗಿಂತ ದೊಡ್ಡ ಪ್ರಶ್ನೆ. ಮ್ಯಾಟರ್ ಯಾರು ಬರೆಯುತ್ತಾರೆ, ಯಾವ ರೂಪದಲ್ಲಿ ಕೊಡುತ್ತಾರೆ? ಕೈಬರಹದ ಫೋಟೋ ಬಂದರೆ ಟೈಪಿಂಗ್ ನಿಮ್ಮ ತಲೆಗೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಬಂದರೆ ಯೂನಿಕೋಡಿಗೆ ಬದಲಾಯಿಸಬೇಕು. ಆಗ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಅಲ್ಲಲ್ಲಿ ಕಳಚುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದಗಳೂ ಫೋನ್ ನಂಬರಿನ ಪಕ್ಕದ ಚಿಹ್ನೆಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ. ನೂರು ಪುಟವಿದ್ದರೆ ಪ್ರೂಫ್ ನೋಡುವುದೇ ಒಂದು ಪ್ರತ್ಯೇಕ ಕೆಲಸ. ಅದಕ್ಕೆ ಯಾರು ಅಂತ ಮೊದಲೇ ಗೊತ್ತಿಲ್ಲದಿದ್ದರೆ, ಅಚ್ಚಾದ ಮೇಲೆ ಸಿಕ್ಕಿದ ತಪ್ಪಿಗೆ ನೀವೇ ಹೊಣೆ ಅನ್ನುತ್ತಾರೆ. ಪ್ರೂಫ್ ಒಪ್ಪಿದ ಮೇಲೆ ಉಳಿದ ತಪ್ಪಿಗೆ ಮರುಮುದ್ರಣದ ಖರ್ಚು ಗ್ರಾಹಕರದ್ದು ಅನ್ನುವ ಸಾಲು ಕೊಟೇಶನ್ನಿನಲ್ಲಿ ಇರಲೇಬೇಕು. ಆ ಸಾಲು ಓದಿ ಅವರು ಪ್ರಶ್ನೆ ಕೇಳಿದರೆ ಒಳ್ಳೆಯ ಲಕ್ಷಣ, ಓದಿದ್ದಾರೆ ಅಂತಾಯಿತು.

ಬೋರ್ಡಿನ ಕೆಲಸವಾದರೆ ಇನ್ನೊಂದು ಸೇರಿಸಿಕೊಳ್ಳಿ. 2024ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡ ಇರಬೇಕು. ಇಂಗ್ಲಿಷ್ ಲೋಗೋ ತೋರಿಸಿ "ಇದನ್ನೇ ಕನ್ನಡದಲ್ಲಿ ಫಾಂಟ್ ಚೇಂಜ್ ಮಾಡಿಕೊಡಿ" ಅನ್ನುವವರು ಬಹಳ. ಆದರೆ ಕನ್ನಡ ಅಕ್ಷರ ಬಿಡಿಸುವುದು ಬೇರೆಯೇ ಕೆಲಸ. ತಲೆಕಟ್ಟು ಇದೆ, ಕೆಳಗೆ ಒತ್ತಿಗೆ ಜಾಗ ಬೇಕು, ಇಂಗ್ಲಿಷಿನ ದಪ್ಪಕ್ಕೆ ಕನ್ನಡದ ದಪ್ಪ ಹೊಂದಬೇಕು. ಇದನ್ನು ಎರಡು ನಿಮಿಷ ವಿವರಿಸಿ ನೋಡಿ. ಕೇಳಿಸಿಕೊಂಡು "ಹೌದಾ, ಹಾಗಾದ್ರೆ ಅದಕ್ಕೂ ಸೇರಿಸಿ ಹೇಳಿ" ಅನ್ನುವವರು ಸಿಕ್ಕರೆ ಬಿಡಬೇಡಿ.

ಮೂರನೆಯದು ತಾರೀಖು. "ಅರ್ಜೆಂಟ್" ಅನ್ನುವ ಮಾತಿಗೆ ಬೆಲೆ ಕೊಡಬೇಡಿ, ಆ ದಿನ ಏನಿದೆ ಅಂತ ಕೇಳಿ. 20ನೇ ತಾರೀಖು ಅಂಗಡಿ ಪೂಜೆ ಅನ್ನಿ. ಎಲ್‌ಇಡಿ ಅಕ್ಷರದ ಬೋರ್ಡು ಮಾಡುವವರಿಗೆ ಐದು ದಿನ ಬೇಕೆಂದರೆ ಫೈಲು 15ಕ್ಕೆ ಅವರ ಕೈ ಸೇರಬೇಕು. ಕೊನೆಯ ತಿದ್ದುಪಡಿಗೆ ಎರಡು ದಿನ ಹಿಂದೆ ಹೋದರೆ 13. ಅವರು ನೋಡಿ ಹೇಳಲು ಮೂರು ದಿನ, 10. ನಿಮ್ಮ ಕೆಲಸಕ್ಕೆ ಐದು ದಿನ, 5. ಅಂದರೆ 5ನೇ ತಾರೀಖಿನೊಳಗೆ ಹೆಸರು, ಅಳತೆ, ಅಡ್ವಾನ್ಸು ಮೂರೂ ಕೈಯಲ್ಲಿರಬೇಕು. ಅವರು ಫೋನ್ ಮಾಡಿರುವುದು 8ಕ್ಕಾದರೆ ಕೆಲಸ ಆಗಲೇ ಮೂರು ದಿನ ಹಿಂದಿದೆ. ಈ ಲೆಕ್ಕ ಫೋನಿನಲ್ಲೇ ಜೋರಾಗಿ ಹಾಕಿ. ಅವರೂ ಜೊತೆಗೆ ಕೂತು ದಿನ ಎಣಿಸಿದರೆ ಕೆಲಸ ನಡೆಯುತ್ತದೆ. "ಅದೆಲ್ಲ ಗೊತ್ತಿಲ್ಲ, 20ಕ್ಕೆ ಬೇಕು" ಅಂದರೆ ತಡವಾದ ಪ್ರತಿ ದಿನದ ಹೊಣೆಯೂ ನಿಮ್ಮ ಮೇಲೆ ಬೀಳುತ್ತದೆ. ಅಕ್ಟೋಬರ್ ಕೊನೆಯಲ್ಲಿ ಬರುವ ರಾಜ್ಯೋತ್ಸವದ ಕೆಲಸಗಳಿಗೆ ಈ ಎಣಿಕೆ ಇಲ್ಲದೆ ಕೈ ಹಾಕಲೇಬೇಡಿ.

ನಾಲ್ಕನೆಯದು ಹಿಂದಿನ ಡಿಸೈನರ್. "ಮೊದಲು ಯಾರು ಮಾಡ್ತಿದ್ರು? ಓಪನ್ ಫೈಲ್ ಇದೆಯಾ?" ಓಪನ್ ಫೈಲ್ ಅಂದರೆ ತಿದ್ದಲು ಬರುವ ಮೂಲ ಫೈಲು. ಹಿಂದಿನವರು ಬೇರೆ ಊರಿಗೆ ಹೋದರು, ನೌಕರಿ ಹಿಡಿದರು ಅಂದರೆ ಸರಿ. "ಫೈಲ್ ಕೊಡ್ತಿಲ್ಲ, ಫೋನ್ ಎತ್ತಲ್ಲ" ಅಂದರೆ ನಯವಾಗಿ ಕೇಳಿ, ಅವರ ಲೆಕ್ಕ ಚುಕ್ತಾ ಆಗಿದೆಯಾ ಅಂತ. ಆಗಿಲ್ಲದಿದ್ದರೆ ಅವರ ಕೆಲಸ ತಿದ್ದಿಕೊಡುವುದು ಹಕ್ಕಿನ ತಕರಾರಿಗೂ ದಾರಿ. ಒಂದೇ ವರ್ಷದಲ್ಲಿ ಮೂವರು ಡಿಸೈನರುಗಳು ಬದಲಾಗಿದ್ದರೆ ನಾಲ್ಕನೆಯವರಾಗುವುದು ಬೇಡ.

ಕೊನೆಗೆ ಬಜೆಟ್ಟು. "ಇದಕ್ಕೆ ಎಷ್ಟು ಎತ್ತಿಟ್ಟಿದ್ದೀರಿ ಸರ್?" ಅಂತ ನೇರವಾಗಿ ಕೇಳಿ. ಹತ್ತರಲ್ಲಿ ಎಂಟು ಜನ "ನೀವೇ ಹೇಳಿ" ಅನ್ನುತ್ತಾರೆ, ಆಗ ಅಂದಾಜು ಕೊಡಿ. ಚೌಕಾಸಿ ಮಾಡಿದರೆ ಬೇಜಾರಾಗಬೇಡಿ. ತರಕಾರಿಯಿಂದ ಸೈಟಿನವರೆಗೆ ನಮ್ಮಲ್ಲಿ ಚೌಕಾಸಿ ಮಾಡುವುದೇ ರೂಢಿ, ಅದು ಕೆಟ್ಟ ಗ್ರಾಹಕರ ಗುರುತಲ್ಲ. ಗುರುತು ಸಿಗುವುದು ನಂತರದ ಹೆಜ್ಜೆಯಲ್ಲಿ. "30 ಆಗಲ್ಲ, 22 ಮಾಡಿ" ಅಂದಾಗ, "ಆಗಲಿ, ಕೇಕ್ ಬಾಕ್ಸಿನ ಡಿಸೈನು ತೆಗೀತೀನಿ, ಲೋಗೋ ಮತ್ತು ಬೋರ್ಡು 22ಕ್ಕೆ" ಅನ್ನಿ. ಒಪ್ಪಿದರೆ ಅವರಿಗೆ ಕೆಲಸಕ್ಕೂ ಹಣಕ್ಕೂ ಇರುವ ಸಂಬಂಧ ಅರ್ಥವಾಗಿದೆ. "ಎಲ್ಲ ಸೇರಿ 22, ಮುಂದೆ ನಿಮಗೆ ತುಂಬಾ ಕೆಲಸ ಇದೆ" ಅಂದರೆ ಮುಂದಿನ ಕೆಲಸಗಳೂ ಇದೇ ಲೆಕ್ಕದಲ್ಲಿ ಬರುತ್ತವೆ. "ಒಂದು ಸ್ಯಾಂಪಲ್ ಮಾಡಿ, ಇಷ್ಟ ಆದ್ರೆ ನೋಡೋಣ" ಅನ್ನುವವರಿಗೆ ಹಳೆಯ ಕೆಲಸ ತೋರಿಸಿ. ಆದರೂ ಹಟ ಹಿಡಿದರೆ ಒಂದು ಪೋಸ್ಟರಿಗೆ 3,000 ಅಂತ ಸಣ್ಣ ಕೆಲಸ ಕಟ್ಟಿಕೊಡಿ. ಬಿಟ್ಟಿ ಸ್ಯಾಂಪಲ್ಲು ಆರು ಜನರಿಂದ ಮಾಡಿಸಿಕೊಂಡು ಬಿಟ್ಟಿಯಲ್ಲೇ ಐಡಿಯಾ ಆರಿಸಿಕೊಳ್ಳುವವರೂ ಇರುತ್ತಾರೆ.

ಹೊರಗಿನಿಂದ ನೋಡುವುದು

ಫೋನಿಟ್ಟ ಮೇಲೆ ಹತ್ತು ನಿಮಿಷ ಪರಿಶೀಲನೆಗೆ ಕೊಡಿ. ಬಿಲ್ ಯಾರ ಹೆಸರಿಗೆ ಅಂತ ಕೇಳಿ ಜಿಎಸ್‌ಟಿ ನಂಬರ್ ತರಿಸಿಕೊಳ್ಳಿ. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು. ಕಾನೂನಿನ ಹೆಸರು, ನೋಂದಣಿಯ ದಿನ, ಸಕ್ರಿಯವೋ ಅಮಾನತೋ ರದ್ದೋ, ರಿಟರ್ನ್ ಯಾವ ತಿಂಗಳವರೆಗೆ ಸಲ್ಲಿಕೆಯಾಗಿದೆ, ಎಲ್ಲ ಕಾಣುತ್ತದೆ. ನಾಲ್ಕೈದು ತಿಂಗಳಿಂದ ರಿಟರ್ನ್ ಹಾಕದವರಲ್ಲಿ ಕೈ ಬಿಗಿಯಾಗಿರುವ ಸಾಧ್ಯತೆ ಹೆಚ್ಚು. ನಂಬರೇ ಇಲ್ಲದಿದ್ದರೆ ಅನುಮಾನ ಬೇಡ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಪ್ರೈವೇಟ್ ಲಿಮಿಟೆಡ್ ಆದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸ್ಥಾಪನೆಯ ದಿನ, ನಿರ್ದೇಶಕರು ಸಿಗುತ್ತಾರೆ. ಮೂರು ತಿಂಗಳ ಕೂಸಾದರೆ ಬಿಡಬೇಕಿಲ್ಲ, ಅಡ್ವಾನ್ಸ್ ಹೆಚ್ಚಿಸಿ.

ಇವೆಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವವರು ಪ್ರಿಂಟರುಗಳು. ಬೆಂಗಳೂರಿನ ಸುಲ್ತಾನ್‌ಪೇಟೆಯಾಗಲಿ, ನಿಮ್ಮೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಆಫ್‌ಸೆಟ್ ಪ್ರೆಸ್ಸಾಗಲಿ, ಯಾರ ಲೆಕ್ಕ ಸರಿಯಾಗಿ ನಡೆಯುತ್ತದೆ ಅನ್ನುವುದು ಅಲ್ಲಿ ಗೊತ್ತಿರುತ್ತದೆ. "ಇವರದ್ದು ಲೆಕ್ಕ ಹೇಗಣ್ಣ?" ಅಂತ ಒಂದೇ ಮಾತು ಕೇಳಿ, ಕೇಳಿದ್ದನ್ನು ಅಲ್ಲೇ ಬಿಟ್ಟು ಬನ್ನಿ. ಆ ಮಾತು ಊರಲ್ಲಿ ಹಬ್ಬಿದರೆ ಮುಂದೆ ಯಾರೂ ಹೇಳುವುದಿಲ್ಲ.

ಈಗ ಮೋಸದ ವಿಷಯ. ಡಿಸೈನರುಗಳನ್ನೇ ಗುರಿ ಮಾಡುವ ಒಂದು ರೀತಿ ಇದೆ: ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಮೇಲ್, ಒಳ್ಳೆಯ ಬಜೆಟ್ಟು, ಜೊತೆಗೆ "ರೆಫರೆನ್ಸ್" ಅಂತ ಪಾಸ್‌ವರ್ಡ್ ಹಾಕಿದ ಜಿಪ್ ಅಥವಾ ರಾರ್ ಫೈಲು. ಪಾಸ್‌ವರ್ಡ್ ಹಾಕುವುದು ಆಂಟಿವೈರಸ್ ಒಳಗೆ ಇಣುಕದಿರಲಿ ಅಂತ. ಒಳಗೆ ಚಿತ್ರದಂತೆ ಕಾಣುವ ಫೈಲಿನ ಹೆಸರಿನ ಕೊನೆಯಲ್ಲಿ, ಅದು ಪ್ರೋಗ್ರಾಮ್ ಅನ್ನುವುದಕ್ಕೆ ಗುರುತಾಗಿ, ಎಸ್‌ಸಿಆರ್ ಅಥವಾ ಇಎಕ್ಸ್‌ಇ ಇರುತ್ತದೆ, ವಿಂಡೋಸ್ ಅದನ್ನು ಮಾಮೂಲಾಗಿ ತೋರಿಸುವುದಿಲ್ಲ. ತೆರೆದರೆ ಬ್ರೌಸರಿನಲ್ಲಿರುವ ಲಾಗಿನ್‌ಗಳೆಲ್ಲ ಹೋಗುತ್ತವೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಇವತ್ತೇ ಆನ್ ಮಾಡಿಕೊಳ್ಳಿ, ರೆಫರೆನ್ಸ್‌ಗಳನ್ನು ಪಿಡಿಎಫ್ ಅಥವಾ ಜೆಪೆಗ್‌ನಲ್ಲಿ ಮಾತ್ರ ಕೇಳಿ. ಇನ್ನೊಂದು, ಅಡ್ವಾನ್ಸ್ ಕಳಿಸುತ್ತೇವೆ ಅಂತ ಕ್ಯೂಆರ್ ಕೋಡ್ ಕಳಿಸಿ ಪಿನ್ ಹಾಕಿಸುವುದು. ಹಣ ಪಡೆಯಲು ಯುಪಿಐ ಪಿನ್ ಬೇಕೇ ಇಲ್ಲ. ಮೂರನೆಯದು, "ತಪ್ಪಿ 40,000 ಹಾಕಿಬಿಟ್ಟೆ, 30,000 ಈ ನಂಬರಿಗೆ ವಾಪಸ್ ಹಾಕಿ" ಅನ್ನುವುದು. ಎಸ್‌ಎಂಎಸ್ ನಂಬದೆ ಬ್ಯಾಂಕ್ ಆ್ಯಪಿನಲ್ಲಿ ನೋಡಿ. ಹಣ ನಿಜವಾಗಿ ಬಂದಿದ್ದರೂ ಬೇರೆ ನಂಬರಿಗೆ ಕಳಿಸಬೇಡಿ, ಬ್ಯಾಂಕಿಗೆ ಬರೆದು ತಿಳಿಸಿ. ಅದು ಕದ್ದ ಹಣವಾಗಿದ್ದರೆ ನಿಮ್ಮ ಖಾತೆಯೇ ಸ್ಥಗಿತವಾಗಬಹುದು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಣ ಮತ್ತು ಕಾಗದ

ಅಡ್ವಾನ್ಸು ಕೊನೆಯ ಜರಡಿ. 10,000ದೊಳಗಿನ ಕೆಲಸಕ್ಕೆ ಪೂರ್ತಿ ಮುಂಗಡ, ಮೇಲಿನದ್ದಕ್ಕೆ ಶೇ 50 ಮೊದಲು, ಶೇ 30 ಡಿಸೈನ್ ಒಪ್ಪಿದಾಗ, ಶೇ 20 ಓಪನ್ ಫೈಲ್ ಕೊಡುವ ಮೊದಲು. ಅಡ್ವಾನ್ಸ್ ಬರುವವರೆಗೆ ನಿಮ್ಮ ಕ್ಯಾಲೆಂಡರಿನಲ್ಲಿ ಅವರಿಗೆ ದಿನ ಇಲ್ಲ. ಕಂಪನಿಗಳಾದರೆ ಶೇ 10 ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯಬಹುದು. ನೀವು ಜಿಎಸ್‌ಟಿ ನೋಂದಣಿ ಹೊಂದಿದ್ದು, ಅವರು ಟಿಡಿಎಸ್ ಹಿಡಿದರೆ, 50,000ದ ಬಿಲ್ಲಿಗೆ 9,000 ಜಿಎಸ್‌ಟಿ ಸೇರಿ, 5,000 ಟಿಡಿಎಸ್ ಕಳೆದು 54,000 ಖಾತೆಗೆ ಬರುತ್ತದೆ. ಆ 5,000 ನಿಮ್ಮ ಪ್ಯಾನಿನ ಲೆಕ್ಕಕ್ಕೆ ಬಿದ್ದಿದೆಯಾ ಅಂತ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಏಜೆನ್ಸಿಗಳ ಮೂಲಕ ಬರುವ ಕೆಲಸದಲ್ಲಿ "ನಮ್ಮ ಕ್ಲೈಂಟ್ ಕೊಟ್ಟಮೇಲೆ ನಿಮಗೆ" ಅನ್ನುವ ಷರತ್ತು ಇದ್ದರೆ ಒಪ್ಪಬೇಡಿ. ಅವರ ವಸೂಲಿಯ ಕಷ್ಟ ನಿಮ್ಮದಲ್ಲ. ಕೆಲಸ ಹಿಡಿಯುವ ಮೊದಲೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅನ್ನುವ ಸರ್ಕಾರಿ ನೋಂದಣಿ, ಮಾಡಿಸಿಟ್ಟುಕೊಳ್ಳಿ, ಸರ್ಕಾರದ ಪೋರ್ಟಲ್‌ನಲ್ಲಿ ಅದು ಉಚಿತ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೂ 45 ದಿನ ಮೀರಿ ಹಣ ಬಾಕಿ ಇಡುವಂತಿಲ್ಲ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ, ಹೀಗೆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿಗಳು ಕೊಟ್ಟ ವರ್ಷದಲ್ಲಷ್ಟೇ ಖರ್ಚಿಗೆ ತೋರಿಸಬಹುದು ಅನ್ನುವ ನಿಯಮವೂ ಬಂದಿದೆ. ಉದ್ಯಮ್ ಸಂಖ್ಯೆ ಕೊಟೇಶನ್ನಿನ ತಲೆಯಲ್ಲೇ ಇರಲಿ. ಅವರ ಲೆಕ್ಕಪತ್ರದವರು ಅದನ್ನು ಗಮನಿಸುತ್ತಾರೆ.

ಹಕ್ಕಿನ ಸಾಲು ಒಂದಿರಲಿ: "ಪೂರ್ತಿ ಹಣ ಬಂದ ದಿನ ಈ ಲೋಗೋದ ಕೃತಿಸ್ವಾಮ್ಯ ಗ್ರಾಹಕರಿಗೆ ವರ್ಗಾವಣೆ." 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವರ್ಗಾವಣೆ ಬರಹದಲ್ಲಿ, ಹಕ್ಕು ಬಿಟ್ಟುಕೊಡುವ ನಿಮ್ಮ ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಇದು ಗ್ರಾಹಕರಿಗೂ ಅನುಕೂಲದ ಮಾತು. ತಿಳಿಸಿ ಹೇಳಿದಾಗ ಹೆಚ್ಚಿನವರು ಖುಷಿಯಿಂದ ಸಹಿ ಹಾಕುತ್ತಾರೆ.

ಇಲ್ಲಿ ಒಬ್ಬರು ಕೇಳಿದ್ದಾರೆ: ಚಿಕ್ಕಪ್ಪನ ಸ್ನೇಹಿತರು, ಸೋದರಮಾವನ ಮಗಳ ಮದುವೆ, ಇವರಿಗೆ ಇದನ್ನೆಲ್ಲ ಕೇಳುವುದು ಹೇಗೆ? ನಿಜ, ಅಲ್ಲೇ ಕಷ್ಟ ಹೆಚ್ಚು. ಎರಡೇ ದಾರಿ ಇವೆ. ಒಂದು, ಪೂರ್ತಿ ಉಡುಗೊರೆ: "ಮಾವ, ಕಾರ್ಡಿನ ಡಿಸೈನು ನನ್ನ ಕಡೆಯಿಂದ ಮದುವೆಗೆ ಮುಯ್ಯಿ, ಎರಡು ಸಲ ತಿದ್ದಿಕೊಡ್ತೀನಿ, ಮ್ಯಾಟರ್ ಹದಿನೈದರೊಳಗೆ ಕೊಟ್ಟುಬಿಡಿ." ಇನ್ನೊಂದು, ಪೂರ್ತಿ ವ್ಯವಹಾರ, ಎಲ್ಲರಿಗೂ ಕಳಿಸುವ ಅದೇ ಕೊಟೇಶನ್ನು. ನಡುವಿನ "ಏನೋ ನಿಮಗೆ ತೋಚಿದ್ದು ಕೊಡಿ" ಅನ್ನುವುದರಲ್ಲಿ ದುಡ್ಡಿನ ಜೊತೆ ಮಾತುಕತೆಯೂ ನಿಂತುಹೋಗುತ್ತದೆ. ಉಡುಗೊರೆ ಕೊಟ್ಟರೂ ಮ್ಯಾಟರಿನ ತಾರೀಖು, ತಿದ್ದುಪಡಿಯ ಸಂಖ್ಯೆ, ಪ್ರೂಫ್ ನೋಡುವವರು ಯಾರು, ಈ ಮೂರನ್ನು ಹೇಳಿಯೇ ಶುರು ಮಾಡಿ. ಲಗ್ನಪತ್ರಿಕೆಯಲ್ಲಿ ಅಜ್ಜನ ಹೆಸರು ತಪ್ಪಾಗಿ ಅಚ್ಚಾದರೆ ಆ ಮನೆಯಲ್ಲಿ ಯಾರೂ ಬಿಟ್ಟಿ ಮಾಡಿಕೊಟ್ಟಿದ್ದನ್ನು ನೆನೆಯುವುದಿಲ್ಲ.

ಇನ್ನೊಂದು ಪ್ರಶ್ನೆ, ಬೇಡ ಅನ್ನುವುದು ಹೇಗೆ? ಕಾರಣ ವಿವರಿಸಲು ಹೋಗಬೇಡಿ, ವಿವರಿಸಿದಷ್ಟೂ ಚರ್ಚೆ ಬೆಳೆಯುತ್ತದೆ. "ನೀವು ಹೇಳಿದ ತಾರೀಖಿಗೆ ಈ ಕೆಲಸಕ್ಕೆ ನ್ಯಾಯ ಒದಗಿಸೋಕೆ ನನ್ನಿಂದ ಆಗಲ್ಲ ಸರ್. ಹೆಸರು, ಬೋರ್ಡಿನ ಅಳತೆ ಫೈನಲ್ ಆದ ಮೇಲೆ ಫೋನ್ ಮಾಡಿ, ಖಂಡಿತ ಮಾತಾಡೋಣ." ಹೀಗೆ ಹೇಳಿಸಿಕೊಂಡವರಲ್ಲಿ ಕೆಲವರು ಎರಡು ತಿಂಗಳ ನಂತರ ಎಲ್ಲ ತಯಾರಿ ಮಾಡಿಕೊಂಡು, ಅಳತೆ ಬರೆದ ಚೀಟಿ ಹಿಡಿದೇ ಫೋನ್ ಮಾಡುತ್ತಾರೆ.